ಒಟಿಪಿ ಯಾರ ಫೋನಿಗೆ ಬರುತ್ತದೆ? ದೂರವೈದ್ಯ, ಆರೋಗ್ಯ ದತ್ತಾಂಶ ಮತ್ತು ರೋಗಿಯ ಒಪ್ಪಿಗೆ

ಕರ್ನಾಟಕಕ್ಕೆ ದೂರವೈದ್ಯ (ಟೆಲಿಮೆಡಿಸಿನ್) ಹೊಸದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೊ ತನ್ನ ಇನ್‌ಸ್ಯಾಟ್ ಉಪಗ್ರಹಗಳ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತ್ತು. ಎದೆನೋವೆಂದು ಬಂದವರ ಇಸಿಜಿಯನ್ನು ತಜ್ಞರು ಬೆಂಗಳೂರಿನಲ್ಲೇ ಕುಳಿತು ನೋಡಿ, ಮುಂದೇನು ಮಾಡಬೇಕೆಂದು ಅಲ್ಲಿನ ವೈದ್ಯರಿಗೆ ತಿಳಿಸುವುದು ಆಗಲೇ ಸಾಧ್ಯವಾಗಿತ್ತು. ಆ ದಿನಗಳ ಚರ್ಚೆಯೆಲ್ಲ ಸಂಪರ್ಕದ ಸುತ್ತ ನಡೆಯುತ್ತಿತ್ತು: ಕೊಂಡಿ ಸಿಗುತ್ತದೆಯೇ, ಚಿತ್ರ ಸ್ಪಷ್ಟವಾಗಿ ಮೂಡುತ್ತದೆಯೇ, ಕರೆಂಟು ಇರುತ್ತದೆಯೇ. ರೋಗಿಯ ಮಾಹಿತಿ ಎಲ್ಲಿಗೆ ಹೋಗಿ ಎಲ್ಲಿ ಉಳಿಯುತ್ತದೆ ಎಂದು ಕೇಳುವ ಪ್ರಮೇಯ ಹೆಚ್ಚು ಬರುತ್ತಿರಲಿಲ್ಲ. ಅದನ್ನು ಬಲ್ಲವರು ಎರಡು ಆಸ್ಪತ್ರೆಗಳ ಕೆಲವೇ ಮಂದಿಯಾಗಿದ್ದರು.

ಈಗ ಆ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ. ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ ರೂಪಿಸಿದ, 2019ರ ನವೆಂಬರಿನಲ್ಲಿ ಆರಂಭವಾದ ಇ-ಸಂಜೀವಿನಿ ದೂರವೈದ್ಯ ವೇದಿಕೆಯಲ್ಲಿ ನಡೆದಿರುವ ಸಮಾಲೋಚನೆಗಳು 30 ಕೋಟಿ ದಾಟಿವೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ ಪಡೆದವರು 70 ಕೋಟಿಗೂ ಹೆಚ್ಚು. ಒಂದು ಕಡೆ ಬರೆದ ಔಷಧಿ ಚೀಟಿ, ಇನ್ನೊಂದು ಕಡೆ ಮಾಡಿಸಿದ ರಕ್ತಪರೀಕ್ಷೆ, ಮತ್ತೊಂದು ಕಡೆಯ ವಿಮೆ ಕ್ಲೇಮು ಒಂದೇ ಸಂಖ್ಯೆಗೆ ಜೋಡಣೆಯಾಗುವ ವ್ಯವಸ್ಥೆಯಿದು. ಇದರ ನೈತಿಕ ಭಾರವನ್ನೆಲ್ಲ ರೋಗಿಯ ಒಪ್ಪಿಗೆಯ ಮೇಲೆ ಹೊರಿಸಲಾಗಿದೆ. ರೋಗಿ ಒಪ್ಪಿದರೆ ಮಾಹಿತಿ ಚಲಿಸುತ್ತದೆ, ಒಪ್ಪದಿದ್ದರೆ ನಿಲ್ಲುತ್ತದೆ, ಆದ್ದರಿಂದ ನಿಯಂತ್ರಣ ರೋಗಿಯ ಕೈಯಲ್ಲೇ ಇದೆ ಎಂಬುದು ವಾದ. ಆ ಒಪ್ಪಿಗೆಯನ್ನು ನಿಜವಾಗಿ ಪಡೆಯುವ ಜಾಗಕ್ಕೆ ಹೋಗಿ ನೋಡಿದರೆ ಅದು ಇಷ್ಟು ಭಾರ ತಾಳುವಂಥದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳ್ಳಿಯ ಉಪಕೇಂದ್ರದಲ್ಲಿ, ಈಗಿನ ಹೆಸರಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ದೂರವೈದ್ಯ ನಡೆಯುವ ಬಗೆಯನ್ನು ಗಮನಿಸೋಣ. ರೋಗಿಯ ಎದುರು ಇರುವವರು ವೈದ್ಯರಲ್ಲ, ಸಮುದಾಯ ಆರೋಗ್ಯಾಧಿಕಾರಿ; ಜನರ ಮಾತಿನಲ್ಲಿ ಸಿಎಚ್‌ಒ ಮೇಡಂ ಅಥವಾ ಸಿಎಚ್‌ಒ ಸರ್. ಅವರು ಬಿ.ಪಿ., ಶುಗರ್ ನೋಡಿ, ತೊಂದರೆ ಏನೆಂದು ಕೇಳಿ, ಹೆಸರು, ವಯಸ್ಸು, ಮೊಬೈಲ್ ಸಂಖ್ಯೆಯ ಜೊತೆಗೆ ಅದನ್ನೆಲ್ಲ ವೇದಿಕೆಯಲ್ಲಿ ನಮೂದಿಸುತ್ತಾರೆ. ಬಳಿಕ ಲಭ್ಯವಿರುವ ವೈದ್ಯರೊಬ್ಬರಿಗೆ ಕರೆ ಹೋಗುತ್ತದೆ. ಆ ಕಡೆಯ ವೈದ್ಯರು ಕೆಲವು ನಿಮಿಷ ಮಾತಾಡಿ ಔಷಧಿ ಬರೆಯುತ್ತಾರೆ. ಉಪಕೇಂದ್ರದ ದಾಸ್ತಾನಿನಲ್ಲಿರುವ ಮಾತ್ರೆಗಳನ್ನು ಅಲ್ಲೇ ಕೊಡಲಾಗುತ್ತದೆ. ಎಷ್ಟೋ ಉಪಕೇಂದ್ರಗಳಲ್ಲಿ ಇರುವುದು ಒಂದೇ ಕೋಣೆ. ಬಾಗಿಲಲ್ಲಿ ಚುಚ್ಚುಮದ್ದಿಗೆ ಮಗುವನ್ನು ಎತ್ತಿಕೊಂಡ ತಾಯಿ, ಬೆಂಚಿನ ಮೇಲೆ ಅದೇ ಬೀದಿಯ ಇಬ್ಬರು ಹಿರಿಯರು ಇರುವಾಗ, ಬಿಳಿಸೆರಗಿನ ತೊಂದರೆಗೆ ಬಂದ ಹೆಂಗಸಿನ ಮಾತು ಮತ್ತು ವೈದ್ಯರ ಪ್ರಶ್ನೆ ಎರಡೂ ಮೊಬೈಲಿನ ಸ್ಪೀಕರಿನಲ್ಲಿ ಹೊರಬರುತ್ತವೆ. ಸರ್ವರಿನಲ್ಲಿ ಮಾಹಿತಿಯನ್ನು ಎಷ್ಟೇ ಬಿಗಿಯಾಗಿ ಬೀಗ ಹಾಕಿಟ್ಟರೂ ಗೋಪ್ಯತೆ ಮೊದಲು ಮುರಿಯುವುದು ಈ ಬೆಂಚಿನ ಬಳಿ. ಪರದೆ ಕಟ್ಟಿದ ಒಂದು ಮೂಲೆ, ಒಂದು ಇಯರ್‌ಫೋನ್ ಸಾಕಾಗುವ ಸಂಗತಿಯಿದು. ಆರೋಗ್ಯ ದತ್ತಾಂಶದ ಭದ್ರತೆ ಕುರಿತ ಚರ್ಚೆಗಳು ಇಷ್ಟು ಕೆಳಗೆ ಇಳಿದು ಬರುವುದು ಅಪರೂಪ.

ಇದನ್ನು ಹೇಳುವಾಗ ದೂರವೈದ್ಯದ ಪ್ರಯೋಜನವನ್ನು ಕಿರಿದುಮಾಡುವ ಉದ್ದೇಶ ನನಗಿಲ್ಲ. ಹೃದಯಾಘಾತದ ಚಿಕಿತ್ಸೆಯನ್ನೇ ತೆಗೆದುಕೊಳ್ಳಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರ ಆಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಮದ್ದು ಅದು. ಹೃದಯದ ಸ್ನಾಯು ಸಾಯುವ ವೇಗದ ಮುಂದೆ ಆಂಬುಲೆನ್ಸಿನ ವೇಗ ಸಾಲದ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಇಂಥ ಹೊತ್ತಿನಲ್ಲಿ ರೋಗಿಯ ಮುಂದೆ ಒಪ್ಪಿಗೆಪತ್ರ ಹಿಡಿದು ನಿಲ್ಲುವುದು ಅರ್ಥಹೀನವೂ ಹೌದು, ಅಪಾಯಕಾರಿಯೂ ಹೌದು. ಆದರೆ ಆ ಇಸಿಜಿ ಜೀವ ಉಳಿಸಿದ ಮೇಲೆ ಎಲ್ಲಿರುತ್ತದೆ, ಯಂತ್ರಕ್ಕೆ ಇಸಿಜಿ ಓದುವುದನ್ನು ಕಲಿಸಲು ಅದನ್ನು ಬಳಸಬಹುದೇ, ಬಳಸಿದರೆ ಹೆಸರು ಅಳಿಸಿರಬೇಕೇ ಎಂಬ ಪ್ರಶ್ನೆಗಳಿಗೆ ತುರ್ತಿನ ಸಬೂಬು ಅನ್ವಯಿಸುವುದಿಲ್ಲ. ಅವಕ್ಕೆ ಉತ್ತರವನ್ನು ಮೊದಲೇ, ಸಾವಧಾನವಾಗಿ, ಲಿಖಿತವಾಗಿ ತೀರ್ಮಾನಿಸಿ ಇಡಬೇಕು.

ದೂರವೈದ್ಯಕ್ಕೆ ದೇಶದಲ್ಲಿ ಸ್ಪಷ್ಟವಾದ ನಿಯಮಗಳು ಬಂದದ್ದು ಕೋವಿಡ್ ಲಾಕ್‌ಡೌನಿನ ಮೊದಲ ದಿನವಾದ 2020ರ ಮಾರ್ಚ್ 25ರಂದು. ಆ ಟೆಲಿಮೆಡಿಸಿನ್ ಮಾರ್ಗಸೂಚಿ ಅವಸರದ ಕಾಲದಲ್ಲಿ ಬಂದರೂ ಹಲವು ವಿಷಯಗಳಲ್ಲಿ ವಿವೇಕದಿಂದ ಕೂಡಿದೆ. ಮೊದಲ ಭೇಟಿಯಲ್ಲಿ ಯಾವ ಔಷಧಿ ಬರೆಯಬಹುದು, ಯಾವುದನ್ನು ವಿಡಿಯೊದಲ್ಲಿ ನೋಡಿದ ಮೇಲಷ್ಟೇ ಬರೆಯಬಹುದು, ಯಾವುದನ್ನು ದೂರದಿಂದ ಬರೆಯಲೇಬಾರದು ಎಂದು ಅದು ಪಟ್ಟಿ ಮಾಡಿದೆ; ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಬರುವ ಔಷಧಿಗಳು ಕೊನೆಯ ಗುಂಪಿನಲ್ಲಿವೆ. ಕೃತಕ ಬುದ್ಧಿಮತ್ತೆಯ ವೇದಿಕೆಗಳು ವೈದ್ಯರಿಗೆ ನೆರವಾಗಬಹುದೇ ಹೊರತು ತಾವೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಎಂದೂ ಅದು ಹೇಳಿದೆ. ಒಪ್ಪಿಗೆಯ ವಿಷಯದಲ್ಲಿ ಅದರ ನಿಲುವು ಹೀಗಿದೆ: ರೋಗಿ ತಾನಾಗಿಯೇ ವೈದ್ಯರಿಗೆ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದೇ ಭಾವಿಸಬಹುದು, ಆರೋಗ್ಯ ಕಾರ್ಯಕರ್ತರು, ಆರೈಕೆ ಮಾಡುವವರು ಅಥವಾ ವೈದ್ಯರೇ ಕರೆ ಆರಂಭಿಸಿದರೆ ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕು, ಅದನ್ನು ದಾಖಲಿಸಬೇಕು.

ಉಪಕೇಂದ್ರದಲ್ಲಿ ಕರೆ ಆರಂಭಿಸುವವರು ಸಮುದಾಯ ಆರೋಗ್ಯಾಧಿಕಾರಿಯೇ ತಾನೆ? ಹಾಗಾಗಿ ಅಲ್ಲಿ ನಡೆಯುವ ಸಮಾಲೋಚನೆಗಳಿಗೆ ಸ್ಪಷ್ಟ ಒಪ್ಪಿಗೆ ಬೇಕು. ಆದರೆ ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿಸುತ್ತೇನೆ, ಆಗಬಹುದಾ ಎಂದು ಕೇಳಿದರೆ ಬೇಡ ಎನ್ನುವ ರೋಗಿ ಯಾರು? ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಒಂದು ದಿನದ ಕೂಲಿ ಕಳೆದುಕೊಂಡು, ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಇನ್ನೊಂದು ದಾರಿ. ಎರಡನೆಯ ದಾರಿ ಇಷ್ಟು ದುಬಾರಿಯಾದಾಗ ಮೊದಲನೆಯದಕ್ಕೆ ಹೂಂ ಎಂದದ್ದನ್ನು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಎಂದು ಒಪ್ಪಬಹುದು. ಮಾಹಿತಿಯನ್ನು ಶೇಖರಿಸಿ, ಸಂಖ್ಯೆಗೆ ಜೋಡಿಸಿ, ಮುಂದೆ ಹಂಚಿಕೊಳ್ಳುವುದಕ್ಕೂ ಕೊಟ್ಟ ಒಪ್ಪಿಗೆ ಎಂದು ಹೇಗೆ ಭಾವಿಸುವುದು? ಇವೆರಡನ್ನು ಬೇರೆಬೇರೆಯಾಗಿ ಕೇಳುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ. ಇದರ ಜೊತೆಗೆ ದಿನಕ್ಕೆ ಇಷ್ಟು ಕರೆ ಆಗಬೇಕೆಂಬ ಗುರಿಯೂ ತಲೆಯ ಮೇಲಿದ್ದರೆ, ಒಪ್ಪಿಗೆ ಕೇಳುವ ಆ ಅರ್ಧ ನಿಮಿಷವೇ ಮೊದಲು ಕಡಿತಗೊಳ್ಳುವುದು ಸಹಜ.

ಡಿಜಿಟಲ್ ಮಿಷನ್ನಿನ ತಾಂತ್ರಿಕ ವಿನ್ಯಾಸದಲ್ಲಿ ಒಪ್ಪಿಗೆಗೆ ಗೌರವದ ಸ್ಥಾನವಿದೆ ಎಂಬುದನ್ನು ಒಪ್ಪಬೇಕು. ದಾಖಲೆಗಳನ್ನೆಲ್ಲ ದೆಹಲಿಯ ಒಂದು ದೊಡ್ಡ ಕಣಜದಲ್ಲಿ ತುಂಬಿಡುವ ವ್ಯವಸ್ಥೆ ಇದಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಅಥವಾ ಪ್ರಯೋಗಾಲಯದಲ್ಲೇ ಉಳಿಯುತ್ತದೆ, ಬೇರೊಬ್ಬರು ಕೇಳಿದಾಗ ರೋಗಿ ತನ್ನ ಆ್ಯಪಿನಲ್ಲಿ ಒಪ್ಪಿದರೆ ಮಾತ್ರ ಅಲ್ಲಿಂದ ಇಲ್ಲಿಗೆ ಬರುತ್ತದೆ. ಯಾವ ಉದ್ದೇಶಕ್ಕೆ, ಯಾವ ಅವಧಿಯ ದಾಖಲೆ, ಎಷ್ಟು ದಿನದವರೆಗೆ ಎಂಬುದನ್ನು ಆ ಒಪ್ಪಿಗೆಯಲ್ಲೇ ನಮೂದಿಸಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆಭಾ ಸಂಖ್ಯೆ ಪಡೆಯುವುದು ಐಚ್ಛಿಕ, ಅದಿಲ್ಲವೆಂದು ಯಾರಿಗೂ ಸೇವೆ ನಿರಾಕರಿಸಬಾರದು ಎಂದು 2020ರ ಡಿಸೆಂಬರಿನ ಆರೋಗ್ಯ ದತ್ತಾಂಶ ನಿರ್ವಹಣಾ ನೀತಿ ಹೇಳುತ್ತದೆ. ಕಾಗದದ ಮೇಲೆ ಇದು ಅನೇಕ ದೇಶಗಳ ವ್ಯವಸ್ಥೆಗಿಂತ ಎಚ್ಚರದ ವಿನ್ಯಾಸ.

ಕಾಗದದಿಂದ ಕೌಂಟರಿಗೆ ಬಂದಾಗ ಬಣ್ಣ ಬದಲಾಗುತ್ತದೆ. ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದರೆ ಹೆಸರು, ವಿಳಾಸ, ವಯಸ್ಸು ತಾನಾಗಿಯೇ ಹೋಗಿ ಟೋಕನ್ ಸಿಗುತ್ತದೆ. ಆಭಾ ಇಲ್ಲದವರು ಉದ್ದದ ಸಾಲಿನಲ್ಲಿ ನಿಲ್ಲಬೇಕು. ಬೆಳಗಿನ ಆ ನೂಕುನುಗ್ಗಲಿನಲ್ಲಿ ನಿಮ್ಮ ಆಧಾರ್ ಕೊಡಿ, ಒಟಿಪಿ ಹೇಳಿ ಎಂದು ಸಿಬ್ಬಂದಿ ಕೇಳುತ್ತಾರೆ, ರೋಗಿ ಹೇಳುತ್ತಾರೆ, ಸಂಖ್ಯೆ ಸೃಷ್ಟಿಯಾಗುತ್ತದೆ. ಪರದೆಯ ಮೇಲೆ ಬಂದ ಷರತ್ತುಗಳಿಗೆ ಒಪ್ಪಿಗೆಯ ಗುರುತು ಹಾಕಿದ್ದು ಸಿಬ್ಬಂದಿಯ ಬೆರಳು. ಆ ಸಿಬ್ಬಂದಿಯನ್ನು ದೂರುವುದು ನ್ಯಾಯವಲ್ಲ, ಅವರ ಮುಂದೆ ಇನ್ನೂರು ಮಂದಿ ನಿಂತಿರುತ್ತಾರೆ. 2021ರಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು: ಕೋವಿಡ್ ಲಸಿಕೆಗೆ ಆಧಾರ್ ತೋರಿಸಿದ ಅನೇಕರ ಪ್ರಮಾಣಪತ್ರದಲ್ಲಿ ಆರೋಗ್ಯ ಐಡಿಯ (ಆಭಾದ ಆಗಿನ ಹೆಸರು) ಸಂಖ್ಯೆಯೊಂದು ಮುದ್ರಿತವಾಗಿ ಬಂತು, ತಮಗೆ ಅಂಥದ್ದೊಂದು ಸೃಷ್ಟಿಯಾಗಿದೆ ಎಂದು ಅವರಿಗೆ ಗೊತ್ತಾದದ್ದೇ ಆಗ.

ಈ ಒಟಿಪಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಈ ವ್ಯವಸ್ಥೆಯಲ್ಲಿ ಒಪ್ಪಿಗೆ ಎಂಬುದು ಬಹುಪಾಲು ಒಟಿಪಿಯ ರೂಪದಲ್ಲೇ ಪ್ರಕಟವಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಫೋನ್ ಹೊಂದಿರುವ ಮಹಿಳೆಯರು ಶೇ 54ರಷ್ಟು. ಉಳಿದವರ ಒಟಿಪಿ ಗಂಡನ ಫೋನಿಗೋ, ಮಗನ ಫೋನಿಗೋ, ಪಕ್ಕದ ಮನೆಯವರ ಫೋನಿಗೋ ಬರುತ್ತದೆ. ಮನೆಯ ನಾಲ್ಕೈದು ಮಂದಿಯ ಆಭಾ ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುವುದು ಸಾಮಾನ್ಯ. ಇಂಥ ಮನೆಯ ಸೊಸೆಯೊಬ್ಬಳು ಗರ್ಭನಿರೋಧಕದ ಬಗ್ಗೆ ಆಪ್ತ ಸಮಾಲೋಚನೆ ಪಡೆದಳೆಂದಿಟ್ಟುಕೊಳ್ಳಿ. ಆ ಭೇಟಿಯ ಸಂದೇಶ ಮೊದಲು ಓದುವವರು ಯಾರು? ಅವಳ ದಾಖಲೆಯನ್ನು ಬೇರೊಂದು ಆಸ್ಪತ್ರೆ ಕೇಳಿದಾಗ ಒಪ್ಪಿಗೆಯ ಗುಂಡಿ ಒತ್ತುವವರು ಯಾರು? ವ್ಯವಸ್ಥೆಯ ಲೆಕ್ಕದಲ್ಲಿ ಒಪ್ಪಿಗೆ ಕ್ರಮಬದ್ಧವಾಗಿ ದಾಖಲಾಗಿದೆ. ಅವಳ ಪಾಲಿಗೆ ತನ್ನ ದೇಹದ ವಿಷಯವನ್ನು ಮನೆಯ ಗಂಡಸರಿಂದ ಕಾಪಾಡಿಕೊಳ್ಳುವ ಒಂದೇ ಜಾಗವೂ ಕೈತಪ್ಪಿದೆ. ಹಿಂದೆ ಆಸ್ಪತ್ರೆಯ ಚೀಟಿಯನ್ನು ಹರಿದು ಬಿಸಾಡಿ ಮನೆಗೆ ಹೋಗಬಹುದಿತ್ತು, ಈಗ ಸಂದೇಶ ಅವಳಿಗಿಂತ ಮೊದಲೇ ಮನೆ ಸೇರಿರುತ್ತದೆ. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಮಹಿಳೆಯ ಹೆಸರು, ವಿವರ ಬಹಿರಂಗವಾಗದಂತೆ ರಕ್ಷಣೆ ಕೊಟ್ಟಿದೆ. ಕಾಯ್ದೆ ಕೊಟ್ಟ ರಕ್ಷಣೆಯನ್ನು ಒಂದು ಎಸ್ಸೆಮ್ಮೆಸ್ ಕಸಿದುಕೊಳ್ಳಬಾರದು ಎಂಬ ಎಚ್ಚರ ವಿನ್ಯಾಸ ಮಾಡುವವರಿಗೆ ಇರಬೇಡವೇ?

ಆರೋಗ್ಯದ ಮಾಹಿತಿ ಸೋರಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹುಡುಕಬೇಕಿಲ್ಲ. 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಮಂದಿಯ ಮನೆ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ರಾಜ್ಯ ಸರ್ಕಾರವೇ ಜಾಲತಾಣದಲ್ಲಿ ಪ್ರಕಟಿಸಿತು. ಹೆಸರು ಇರಲಿಲ್ಲ, ಆದರೆ ಮನೆ ಸಂಖ್ಯೆ ಇದ್ದ ಮೇಲೆ ಹೆಸರು ಯಾರಿಗೆ ಬೇಕು? ಪಟ್ಟಿಗಳು ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದವು. ಮುಂಗೈಗೆ ಅಳಿಸಲಾಗದ ಶಾಯಿಯ ಮುದ್ರೆ, ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂಬ ಆ್ಯಪು ಕೂಡ ಆಗಿನವೇ. ಭಯದ ದಿನಗಳಲ್ಲಿ ಭಯದಿಂದ ತೆಗೆದುಕೊಂಡ ನಿರ್ಧಾರಗಳವು ಎಂದು ಅರ್ಥಮಾಡಿಕೊಳ್ಳಬಹುದು; ಆದರೆ ಆರೋಗ್ಯದ ದತ್ತಾಂಶ ಇರುವ ಕಡೆಯೇ ಅದನ್ನು ಸಾರ್ವಜನಿಕಗೊಳಿಸುವ ಅಧಿಕಾರವೂ ಇದ್ದಾಗ ಒಪ್ಪಿಗೆ ಎಷ್ಟು ತೆಳುವಾದ ತಡೆಯೆಂಬುದು ಅಂದೇ ಕಂಡಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪು ಕೊಟ್ಟು ಆಗಿನ್ನೂ ಮೂರು ವರ್ಷವೂ ಆಗಿರಲಿಲ್ಲ. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ನಾವು ಮರೆಯಬಾರದಿತ್ತು.

ಅಧಿಕಾರಿಗಳ ನಿರ್ಧಾರವಿಲ್ಲದೆಯೂ ಮಾಹಿತಿ ಹೊರಗೆ ಹೋಗುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ಕೆಡವಿತು. ಸುಮಾರು ಎರಡು ವಾರ ದೇಶದ ಅಗ್ರ ಆಸ್ಪತ್ರೆಯಲ್ಲಿ ನೋಂದಣಿ, ಬಿಲ್ಲು, ಪ್ರಯೋಗಾಲಯದ ವರದಿಗಳೆಲ್ಲ ಕೈಬರಹದಲ್ಲಿ ನಡೆದವು. 2023ರ ಜೂನಿನಲ್ಲಿ ಟೆಲಿಗ್ರಾಂನಲ್ಲಿ ತಾನಾಗಿಯೇ ಉತ್ತರಿಸುವ ಬಾಟ್ ಒಂದಕ್ಕೆ ಮೊಬೈಲ್ ಸಂಖ್ಯೆ ಕೊಟ್ಟರೆ ಲಸಿಕೆ ಪಡೆದವರ ಹೆಸರು, ಹುಟ್ಟಿದ ವರ್ಷ, ಗುರುತಿನ ಚೀಟಿಯ ಸಂಖ್ಯೆ ಸಿಗುತ್ತಿದೆ ಎಂಬ ವರದಿಗಳು ಬಂದವು. ಲಸಿಕೆ ನೋಂದಣಿಯ ಕೋವಿನ್ ಪೋರ್ಟಲ್ ಸಂಪೂರ್ಣ ಸುರಕ್ಷಿತ, ವರದಿಗಳಿಗೆ ಆಧಾರವಿಲ್ಲ ಎಂದು ಆರೋಗ್ಯ ಸಚಿವಾಲಯ ಹೇಳಿತು. ತಮ್ಮ ವಿವರ ಹೊರಬಿದ್ದಿದೆಯೇ ಇಲ್ಲವೇ ಎಂದು ಒಬ್ಬೊಬ್ಬರಿಗೂ ತಿಳಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಫಿನ್ಲೆಂಡಿನ ವಾಸ್ತಾಮೊ ಎಂಬ ಖಾಸಗಿ ಮನೋಚಿಕಿತ್ಸಾ ಸಂಸ್ಥೆಯ ದಾಖಲೆಗಳನ್ನು ಕದ್ದವರು 2020ರಲ್ಲಿ ಮೊದಲು ಸಂಸ್ಥೆಯನ್ನು, ಹಣ ಬಾರದಿದ್ದಾಗ ರೋಗಿಗಳನ್ನೇ ಒಬ್ಬೊಬ್ಬರಾಗಿ ಬೆದರಿಸಿದರು: ಹಣ ಕಳಿಸಿ, ಇಲ್ಲವಾದರೆ ನೀವು ಚಿಕಿತ್ಸಕರ ಮುಂದೆ ಹೇಳಿಕೊಂಡದ್ದೆಲ್ಲ ಲೋಕಕ್ಕೆ ಗೊತ್ತಾಗುತ್ತದೆ. ಸಂತ್ರಸ್ತರು 30 ಸಾವಿರಕ್ಕೂ ಹೆಚ್ಚು. ನಮ್ಮಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದವರಿಗೆ ಕನ್ನಡದಲ್ಲೂ ಆಪ್ತ ಸಮಾಲೋಚನೆ ಸಿಗುತ್ತದೆ. ಸಾಲ, ಪರೀಕ್ಷೆಯ ಒತ್ತಡ, ದಾಂಪತ್ಯದ ನೋವು, ಕುಡಿತ, ಬದುಕು ಬೇಡವೆನಿಸುವ ಭಾವ, ಇವನ್ನೆಲ್ಲ ಅಪರಿಚಿತ ದನಿಯ ಮುಂದೆ ಹೇಳಿಕೊಳ್ಳಲು ಜನರಿಗೆ ಧೈರ್ಯ ಬಂದಿರುವುದು ಬಹಳ ದೊಡ್ಡ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಗೋಪ್ಯತೆಯನ್ನು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಸ್ಪಷ್ಟವಾಗಿ ವಿಸ್ತರಿಸಿದೆ; ಅದೇ ವರ್ಷದ ಎಚ್‌ಐವಿ ಕಾಯ್ದೆಯಲ್ಲೂ ಇಂಥದೇ ಬಿಗಿಯಿದೆ. ಇವು ರೋಗಿಯ ಒಪ್ಪಿಗೆಯನ್ನಷ್ಟೇ ನೆಚ್ಚಿಕೊಂಡಿಲ್ಲ, ಮಾಹಿತಿ ಹಿಡಿದವರ ಮೇಲೆ ಹೊಣೆ ಹೊರಿಸಿವೆ. ಸಾಮಾನ್ಯ ಆರೋಗ್ಯ ದತ್ತಾಂಶಕ್ಕೂ ಇದೇ ಮಾದರಿ ಬೇಕಿತ್ತು.

ಅಂಥದೊಂದು ಪ್ರಯತ್ನ ನಡೆದಿತ್ತು ಕೂಡ. 2018ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ‘ದಿಶಾ’ ಎಂಬ ಹೆಸರಿನ ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಡಿಜಿಟಲ್ ಆರೋಗ್ಯ ದತ್ತಾಂಶವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವುದನ್ನೇ ಅದು ನಿಷೇಧಿಸಲು ಹೊರಟಿತ್ತು, ವಿಮಾ ಕಂಪನಿ ಮತ್ತು ಉದ್ಯೋಗದಾತರನ್ನು ದೂರವಿಟ್ಟಿತ್ತು. ಆ ಕರಡು ಕಾಯ್ದೆಯಾಗಲಿಲ್ಲ. ಎಲ್ಲ ಬಗೆಯ ದತ್ತಾಂಶಕ್ಕೂ ಅನ್ವಯಿಸುವ ಒಂದೇ ಕಾನೂನು ಬರುತ್ತದೆಂದು ಅದನ್ನು ಬದಿಗಿಡಲಾಯಿತು. ಹಾಗೆ ಬಂದದ್ದು 2023ರ ಆಗಸ್ಟಿನ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಆರೋಗ್ಯದ ಮಾಹಿತಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಎಚ್‌ಐವಿ ಪರೀಕ್ಷೆಯ ಫಲಿತಾಂಶವೂ ಆನ್‌ಲೈನಿನಲ್ಲಿ ತರಿಸಿದ ಚಪ್ಪಲಿಯ ಅಳತೆಯೂ ಕಾಯ್ದೆಯ ಕಣ್ಣಿಗೆ ಒಂದೇ ಬಗೆಯ ವೈಯಕ್ತಿಕ ದತ್ತಾಂಶ.

ಈ ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ಬೇಕಾದದ್ದಕ್ಕಿಂತ ಹೆಚ್ಚು ಕೇಳಿ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ ಎಂಬ ತತ್ವವನ್ನು ವಿವರಿಸಲು ಕಾಯ್ದೆಯೇ ಕೊಡುವ ಉದಾಹರಣೆ ಟೆಲಿಮೆಡಿಸಿನ್ ಆ್ಯಪಿನದು: ಆ್ಯಪು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳಿ, ಬಳಕೆದಾರರು ಎರಡಕ್ಕೂ ಒಪ್ಪಿದರೂ, ಚಿಕಿತ್ಸೆಗೆ ಸಂಪರ್ಕಗಳ ಪಟ್ಟಿ ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗಷ್ಟೇ ಸಿಂಧು. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದೂ ಅದು ಹೇಳುತ್ತದೆ. ಅಂದರೆ ಆ ಭಾಗ ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಕೇಳುವುದು ನಮ್ಮ ಕಾನೂನುಬದ್ಧ ಹಕ್ಕು. ಆದರೆ ಸರ್ಕಾರಿ ಸೌಲಭ್ಯ ನೀಡಿಕೆ, ವೈದ್ಯಕೀಯ ತುರ್ತು, ಸಾಂಕ್ರಾಮಿಕ ರೋಗದಂಥ ಸಂದರ್ಭಗಳಲ್ಲಿ ಒಪ್ಪಿಗೆಯೇ ಬೇಡ ಎಂಬ ವಿನಾಯಿತಿಗಳಿವೆ. ತುರ್ತಿನದು ನ್ಯಾಯವಾದದ್ದು. ಸೌಲಭ್ಯದ ವಿನಾಯಿತಿ ಮಾತ್ರ ಬಹಳ ಅಗಲವಾಗಿದೆ, ಏಕೆಂದರೆ ಸರ್ಕಾರಿ ಆಸ್ಪತ್ರೆಯನ್ನೇ ನಂಬಿದ ಬಡವರ ಆರೋಗ್ಯ ಸೇವೆಯ ಬಹುಭಾಗ ಒಂದಲ್ಲ ಒಂದು ಸೌಲಭ್ಯದ ಹೆಸರಿನಲ್ಲೇ ದೊರೆಯುತ್ತದೆ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುವ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರಬೇಕಾದರೆ ನಿಕ್ಷಯ್ ಪೋರ್ಟಲಿನಲ್ಲಿ ಅವರ ರೋಗದ ವಿವರ ಇರಲೇಬೇಕು. ಖಾಸಗಿ ಆಸ್ಪತ್ರೆಗೆ ಹೋಗಬಲ್ಲವರಿಗೆ ಒಪ್ಪಿಗೆಯ ಹಕ್ಕು, ಹೋಗಲಾಗದವರಿಗೆ ವಿನಾಯಿತಿ ಎಂಬಂತಾದರೆ ಅದನ್ನು ಸಮಾನತೆ ಎನ್ನಲಾಗದು.

ಪರಿಹಾರದ ವಿಷಯದಲ್ಲಂತೂ ನಾವು ಹಿಂದಕ್ಕೆ ಹೋಗಿದ್ದೇವೆ. ಮಾಹಿತಿ ಸೋರಿಕೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಆ ಹಣ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆ. ತನ್ನ ಕಾಯಿಲೆಯ ವಿವರ ಹೊರಬಿದ್ದು ಕೆಲಸ ಕಳೆದುಕೊಂಡವರಿಗೆ ಕಾಯ್ದೆಯಲ್ಲಿ ಒಂದು ರೂಪಾಯಿಯ ಪರಿಹಾರವೂ ಇಲ್ಲ. ನಿರ್ಲಕ್ಷ್ಯದಿಂದ ಸೂಕ್ಷ್ಮ ಮಾಹಿತಿ ಸೋರಿಸಿದ ಸಂಸ್ಥೆಯಿಂದ ಪರಿಹಾರ ಕೇಳಲು ಅವಕಾಶವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ, ಹೊಸ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದಾಗ ರದ್ದಾಗುತ್ತದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟ ನಾಗರಿಕರಿಗೆ 10,000 ರೂಪಾಯಿವರೆಗೆ ದಂಡ ವಿಧಿಸಲು ಮಾತ್ರ ಅವಕಾಶ ಇಟ್ಟುಕೊಳ್ಳಲಾಗಿದೆ. ಹೊಲಗೆಲಸ ಬಿಟ್ಟು ದೂರು ಕೊಡಲು ಬಂದವರ ಎದೆಯಲ್ಲಿ ಇದು ಹುಟ್ಟಿಸುವ ಅಳುಕನ್ನು ಊಹಿಸಬಹುದು.

ದತ್ತಾಂಶದ ನೈತಿಕತೆ ಎಂದಾಗ ಅದನ್ನು ತುಂಬುವ ಕೈಗಳನ್ನೂ ನೆನೆಯಬೇಕು. ಗರ್ಭಿಣಿಯ ನೋಂದಣಿಯಿಂದ ಮಗುವಿನ ಲಸಿಕೆಯವರೆಗೆ ಮಾಹಿತಿ ಹೊತ್ತು ತರುವವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾಗಳು ಅಹೋರಾತ್ರಿ ಧರಣಿ ಕುಳಿತಾಗ ಅವರ ಬೇಡಿಕೆಗಳಲ್ಲಿ ಗೌರವಧನದ ಹೆಚ್ಚಳದ ಜೊತೆಗೆ, ತಾಯಿ-ಮಕ್ಕಳ ಆರೋಗ್ಯದ ದಾಖಲೆ ಇಡುವ ಆರ್‌ಸಿಎಚ್ ಪೋರ್ಟಲಿಗೆ ತಮ್ಮ ಪ್ರೋತ್ಸಾಹಧನವನ್ನು ಜೋಡಿಸಿದ್ದನ್ನು ಕೈಬಿಡಬೇಕೆಂಬುದೂ ಇತ್ತು. ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ಮೂಡದಿದ್ದರೆ ಹಣ ಬರುವುದಿಲ್ಲ ಎಂಬುದು ಅವರ ಅಳಲು. ಇದು ಕೂಲಿಯ ಪ್ರಶ್ನೆಯಷ್ಟೇ ಅಲ್ಲ. ನಮೂದನ್ನೇ ಸಂಬಳದ ಆಧಾರ ಮಾಡಿದ ವ್ಯವಸ್ಥೆಯಲ್ಲಿ ನಮೂದಿನ ಸತ್ಯದ ಮೇಲೂ ಒತ್ತಡ ಬೀಳುತ್ತದೆ, ಅದೇ ನಮೂದು ನಾಳೆ ಒಬ್ಬ ರೋಗಿಯ ಶಾಶ್ವತ ದಾಖಲೆಯಾಗುತ್ತದೆ. ತಪ್ಪು ರಕ್ತದ ಗುಂಪು, ಇಲ್ಲದ ಮಧುಮೇಹ, ತಪ್ಪಾದ ವಯಸ್ಸು ಒಮ್ಮೆ ಸೇರಿಕೊಂಡರೆ ತಿದ್ದಿಸಲು ರೋಗಿ ಯಾರ ಬಳಿ ಹೋಗಬೇಕು? ತಿದ್ದಿಸುವ ಹಕ್ಕು ಕಾನೂನಿನಲ್ಲಿದೆ, ತಿದ್ದುವ ಕೌಂಟರು ಉಪಕೇಂದ್ರದಲ್ಲಿಲ್ಲ.

ಯಂತ್ರಗಳೂ ನಿಷ್ಪಕ್ಷಪಾತಿಗಳಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರು ಕಪ್ಪು ಮೈಬಣ್ಣದ ರೋಗಿಗಳಲ್ಲಿ ಆಮ್ಲಜನಕದ ಅಪಾಯಕಾರಿ ಕೊರತೆಯನ್ನು ಬಿಳಿಯರಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತ್ತೆಂದು 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ದೂರದ ವೈದ್ಯರ ಕಣ್ಣಿಗೆ ರೋಗಿ ಕಾಣುವುದೇ ಇಂಥ ಉಪಕರಣಗಳ ಅಂಕಿಗಳ ಮೂಲಕ. ಹೀಗಿರುವಾಗ ಉಪಕೇಂದ್ರಗಳಿಗೆ ಕೊಳ್ಳುವ ಉಪಕರಣಗಳನ್ನು ನಮ್ಮ ಜನರ ಮೈಬಣ್ಣದ ಮೇಲೆ ಪರೀಕ್ಷಿಸಲಾಗಿದೆಯೇ ಎಂದು ಟೆಂಡರಿನಲ್ಲೇ ಕೇಳುವುದು ವೈದ್ಯಕೀಯ ಅಗತ್ಯ.

ಕೇಂದ್ರದ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಭಾಗಗಳು ಜಾರಿಗೆ ಬರುವುದು 18 ತಿಂಗಳ ಬಳಿಕ, ಅಂದರೆ 2027ರ ಮೇ ಹೊತ್ತಿಗೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಅಗತ್ಯ ರಾಜ್ಯಕ್ಕಿಲ್ಲ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಖಾಸಗಿ ಆಸ್ಪತ್ರೆಗಳ ಮಟ್ಟಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಅದಕ್ಕೆ ಸೇರಿದೆ. ದತ್ತಾಂಶದ ಹೊಣೆಯನ್ನು ಆ ಸನ್ನದಿಗೆ ಸೇರಿಸುವುದು ಕಷ್ಟದ ಕೆಲಸವಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ಇಲಾಖೆಯ ಒಂದು ಆದೇಶ ಸಾಕು. ಚಿಕಿತ್ಸೆಯ ಒಪ್ಪಿಗೆಯನ್ನೂ ದಾಖಲೆ ಜೋಡಣೆಯ ಒಪ್ಪಿಗೆಯನ್ನೂ ಬೇರೆಬೇರೆ ಕೇಳಬೇಕು, ಎರಡನೆಯದನ್ನು ಕೌಂಟರಿನ ನೂಕುನುಗ್ಗಲಿನಲ್ಲಿ ಕೇಳಲೇಬಾರದು. ಹೆಣ್ಣುಮಕ್ಕಳ ಸಂತಾನಾರೋಗ್ಯ, ಎಚ್‌ಐವಿ, ಮಾನಸಿಕ ಆರೋಗ್ಯದ ಭೇಟಿಗಳಿಗೆ ಸಂದೇಶ ಕಳಿಸುವ ಮುನ್ನ ಈ ನಂಬರು ನಿಮ್ಮದೇನಾ, ಮೆಸೇಜು ಬರಬಹುದಾ ಎಂದು ಕೇಳಬೇಕು. ಬೇಡವೆಂದವರಿಗೆ ಕಾಗದದ ಚೀಟಿಯೇ ಇರಲಿ. ಹೊರಗುತ್ತಿಗೆ ಕಂಪನಿಗಳ ಜೊತೆಗಿನ ಕರಾರಿನಲ್ಲಿ ಇಸಿಜಿ, ಎಕ್ಸ್‌ರೇಗಳನ್ನು ಯಂತ್ರದ ತರಬೇತಿಗೆ ಬಳಸುವ ಷರತ್ತುಗಳನ್ನು ಬಹಿರಂಗವಾಗಿಡಬೇಕು.

ಇವೆಲ್ಲಕ್ಕಿಂತ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಬ್ಯಾಂಕಿನಲ್ಲಿ ನಮ್ಮ ಖಾತೆಯಿಂದ ಹಣ ಹೋದ ಕ್ಷಣ ಸಂದೇಶ ಬರುತ್ತದೆ. ಅದೇ ರೀತಿ ಒಬ್ಬರ ಆರೋಗ್ಯ ದಾಖಲೆಯನ್ನು ಯಾವ ಸಂಸ್ಥೆಯ ಯಾರು, ಯಾವಾಗ, ಯಾವ ಕಾರಣಕ್ಕೆ ತೆರೆದು ನೋಡಿದರು ಎಂಬ ಪಟ್ಟಿಯನ್ನು ಆ ವ್ಯಕ್ತಿಗೆ ಕನ್ನಡದಲ್ಲಿ, ಕೇಳಿದಾಗ ಉಪಕೇಂದ್ರದಲ್ಲೇ ಮುದ್ರಿಸಿ ಕೊಡುವ ಏರ್ಪಾಡು ಬೇಕು. ಎಸ್ಟೋನಿಯಾದಲ್ಲಿ ನಾಗರಿಕರು ತಮ್ಮ ಆರೋಗ್ಯ ದಾಖಲೆಯನ್ನು ಯಾರು ನೋಡಿದರೆಂಬುದನ್ನು ತಾವೇ ಪರಿಶೀಲಿಸಬಹುದು. ಕಾರಣವಿಲ್ಲದೆ ಇಣುಕಿದವರು ಉತ್ತರ ಕೊಡಬೇಕಾಗುತ್ತದೆ. ಸಾಫ್ಟ್‌ವೇರಿಗೆ ಹೆಸರಾದ ಬೆಂಗಳೂರು ಇರುವ ರಾಜ್ಯಕ್ಕೆ ಇದು ತಾಂತ್ರಿಕವಾಗಿ ಅಸಾಧ್ಯವೆಂದು ಯಾರೂ ಹೇಳಲಾರರು, ಮತ್ತು ಇದನ್ನು ಒಂದು ಜಿಲ್ಲೆಯಲ್ಲಿ ಆರಂಭಿಸಲು ಹೊಸ ಕಾಯ್ದೆಯೂ ಬೇಕಿಲ್ಲ.